ನಿರುಪಯುಕ್ತ ಕಾಗದದ ಲಕ್ಷಣಗಳು

ಪ್ರಾಥಮಿಕ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಭಾಷೆ ಮತ್ತು ಸಮಾಜ ಎಂಬ ನಾಲ್ಕು ವಿಷಯಗಳು ಬಹುಕಾಲದಿಂದ ಒಂದರ ಮುಖ ಒಂದು ನೋಡದೆ ಬಾಳುತ್ತಿರುವುದು ಶಿಕ್ಷಣ ಇಲಾಖೆಯ ಗಮನಕ್ಕೆ ಬಂದಿತು. ಅವುಗಳನ್ನು ಒಂದುಗೂಡಿಸುವ ಸಲುವಾಗಿ ಮಕ್ಕಳಿಂದ ಕೈಯಾರೆ ಕಾಗದ ಮಾಡಿಸತಕ್ಕದ್ದೆಂದು ಸುತ್ತೋಲೆ ಹೊರಟಿತು. ಚೌಕಟ್ಟು ಅಳೆದರೆ ಗಣಿತ, ಕಾಗದ ನೀರು ಕುಡಿದರೆ ವಿಜ್ಞಾನ, ಕಾಗದ ಹುಟ್ಟಿದ ಕತೆ ಹೇಳಿದರೆ ಸಮಾಜ, ಆದದ್ದನ್ನೆಲ್ಲ ಬರೆದರೆ ಭಾಷೆ. ನಿಜ ಹೇಳಬೇಕೆಂದರೆ ಇದು ಒಳ್ಳೆಯ ಯೋಚನೆಯೇ. ಇಲಾಖೆಯಲ್ಲೂ ಅಪರೂಪಕ್ಕೆ ಇಂಥ ಕೈತಪ್ಪು ಆಗುವುದುಂಟು.

ನಾಲ್ಕನೇ ತರಗತಿಯ ಮೇಡಂ ಇದನ್ನು ಮನಸಾರೆ ನಂಬಿದರು. ಮನೆಯ ಹಳೆಯ ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡಾಗ ಅವರ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಪೇಪರ್ ರುಬ್ಬೋಕೆ ಮಿಕ್ಸಿನಾ? ನಾಳೆ ನಿನ್ನ ಗಂಡನ ತಟ್ಟೇಲಿ ನಿನ್ನೆ ಸುದ್ದಿ ಬೀಳುತ್ತೆ, ನೋಡ್ತಿರು."

"ತೊಳೆದು ತರ್ತೀನಿ ಅತ್ತೆ."

ಮಕ್ಕಳು ಹಳೆಯ ಪತ್ರಿಕೆ ಹರಿದರು, ನೆನೆಹಾಕಿದರು, ರುಬ್ಬಿದರು. ಜಾಲರಿಯ ಚೌಕಟ್ಟನ್ನು ಬಕೆಟ್ಟಿನಲ್ಲಿ ಮುಳುಗಿಸಿ ಮೇಲೆತ್ತಿ, ಬಟ್ಟೆಯ ಮೇಲೆ ಮಗುಚಿ, ಕಿಟಕಿಯ ಸರಳುಗಳಿಗೆ ಒಣಹಾಕಿದರು. ಗುಣಾಕಾರ ಕಂಡರೆ ಮಾರುದೂರ ಓಡುತ್ತಿದ್ದ ಹುಡುಗ ಹಾಳೆಯ ಉದ್ದ ಅಗಲ ಗುಣಿಸಿ ತಾನೇ ಬೆಚ್ಚಿಬಿದ್ದ. ಮೇಡಂ ಅಂದು ಹಿಗ್ಗಿ ಹೀರೇಕಾಯಿಯಾದರು.

ಇಷ್ಟರಲ್ಲಿ ಕೆಲವು ಶಾಲೆಗಳು ಅಂಗಡಿಯಿಂದ ಹೊಸ ಕಾಗದ ಕೊಂಡು, ಅದನ್ನೇ ಹರಿದು ಕಾಗದ ಮಾಡಿ, ಎರಡಕ್ಕೂ ಬಿಲ್ಲು ಕಳಿಸಿದವು. ಆದ್ದರಿಂದ ಎರಡನೇ ಸುತ್ತೋಲೆ ಬಂತು. ಅದರ ಪ್ರಕಾರ ಶಾಲೆಯೊಳಗಿನ ನಿರುಪಯುಕ್ತ ಕಾಗದವನ್ನು ಮಾತ್ರ ಬಳಸತಕ್ಕದ್ದು. ಮೂಲೆ ಮಡಚಿದ್ದು, ಬೆರಳಿನ ಗುರುತು ಹತ್ತಿದ್ದು, ಹೊಲಿಗೆ ಬಿಟ್ಟದ್ದು, ಅಂಟು ಇಲ್ಲವೆ ದಾರ ಹಾಕಿ ರಿಪೇರಿ ಮಾಡಿದ್ದು, ಇವು ನಿರುಪಯುಕ್ತ ಕಾಗದದ ಲಕ್ಷಣಗಳು. ವಾರಕ್ಕೊಂದು ಕಟ್ಟು ಹಾಳೆ ಒಪ್ಪಿಸದ ತರಗತಿಯಲ್ಲಿ ವಿಷಯಗಳು ಒಂದಾಗಿಲ್ಲವೆಂದು ತಿಳಿದು, ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲಾಗುವುದು.

ಕಾಗದ ಹುಡುಕಿಕೊಂಡು ತಪಾಸಣೆ ಅಧಿಕಾರಿ ಮೊದಲು ಹೆಡ್‌ಮಾಸ್ಟರ ಕೋಣೆಗೆ ಹೋದರು. ಅಲ್ಲಿ ಬೀರುವಿನ ತುಂಬ ಪುಸ್ತಕಗಳು, ಬಂದ ದಿನದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದ್ದವು. ಎಲ್ಲವೂ ಉಪಯುಕ್ತವೆಂದು ಬರೆದುಕೊಂಡರು. ಆಮೇಲೆ ಹೆಡ್‌ಮಾಸ್ಟರ ಜೊತೆ ನಾಲ್ಕನೇ ತರಗತಿಗೆ ಬಂದು ಗೋಡೆಯ ಹಲಗೆಯತ್ತ ನೋಡಿದರು. ಮೇಡಂ ಮನೆಮನೆ ಅಲೆದು ಕೂಡಿಸಿದ ಕತೆಪುಸ್ತಕಗಳು ಅಲ್ಲಿದ್ದವು. ಮಕ್ಕಳು ಓದಿ ಓದಿ ಅವುಗಳ ಬೆನ್ನು ಮುರಿದಿತ್ತು. ಮೇಡಂ ಸೂಜಿದಾರ ಹಿಡಿದು ಒಂದೊಂದನ್ನೂ ಹೊಲಿದಿದ್ದರು.

"ಆಹಾ! ಎಲ್ಲ ಲಕ್ಷಣನೂ ಇದೆಯಲ್ಲ ಮೇಡಂ!"

"ಸರ್, ಅವು ಮಕ್ಕಳು ಓದೋ ಪುಸ್ತಕ."

"ಅದೇ ನಾನೂ ಹೇಳ್ತಿರೋದು. ಓದದೆ ಈ ಗತಿ ಬರುತ್ತಾ?"

"ಬೀರುವಿನಲ್ಲಿರೋದನ್ನ ಯಾರೂ ಮುಟ್ಟೇ ಇಲ್ಲವಲ್ಲ ಸರ್?"

"ಅದಕ್ಕೇ ನೋಡಿ, ಹೇಗೆ ಉಪಯುಕ್ತವಾಗಿ ಉಳಿದಿವೆ," ಎಂದರು ಹೆಡ್‌ಮಾಸ್ಟರು ಹೆಮ್ಮೆಯಿಂದ.

ಮೇಡಂ ಲೆಕ್ಕ ಹಾಕಿದರು. ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಮಕ್ಕಳ ಒಂದು ವರ್ಷ. ಪುಸ್ತಕಗಳನ್ನೇ ನೆನೆಹಾಕಿದರು. ಅಳು ಬಂತು. ಅತ್ತರು. ಬಕೆಟ್ಟಿನಲ್ಲಿ ಹೇಗೂ ನೀರಿದ್ದುದರಿಂದ ಅಧಿಕಾರಿ ಆಕ್ಷೇಪಿಸಲಿಲ್ಲ.

ಆದರೆ ಅತ್ತೆಯ ಮಿಕ್ಸಿಯ ಬ್ಲೇಡು ಮೊಂಡು. ಒಣಗಿದ ಹಾಳೆಗಳಲ್ಲಿ ಅಲ್ಲೊಂದು "ನರಿ", ಇಲ್ಲೊಂದು "ಓಡಿ", ಮೂಲೆಯಲ್ಲೊಂದು "ಅಯ್ಯೋ" ಹಾಗೇ ಉಳಿದಿದ್ದವು. ತರಗತಿಯಲ್ಲಿದ್ದ, ಊರ ಹೊಲಿಗೆಯವಳ ಮಗಳು ಅವನ್ನು ಕಂಡು ಕೂಗಿದಳು.

"ಮೇಡಂ, ಇದು ಬಾವಿಗೆ ಬಿದ್ದ ನರಿ ಕತೆ! ನಡುವಿನದು ನಂಗೆ ಗೊತ್ತು!"

ತರಗತಿಗೆ ತರಗತಿಯೇ ಹಾಳೆಗಳ ಮೇಲೆ ಮುಗಿಬಿತ್ತು. ಬಿಟ್ಟ ಜಾಗವನ್ನೆಲ್ಲ ಬಾಯಲ್ಲೇ ತುಂಬಿಕೊಂಡು ಓದಿದರು, ಜಗಳವಾಡಿ ಓದಿದರು. ಮೇಡಂಗೆ ಹೋದ ಜೀವ ಬಂದಂತಾಯಿತು.

ಮುಂದಿನ ಭೇಟಿಯಲ್ಲಿ ಅಧಿಕಾರಿ ಹಾಳೆಗಳ ಮೇಲೆ ಬೆರಳಿನ ಗುರುತು ಕಂಡರು. ನಿರುಪಯುಕ್ತ. ಮತ್ತೆ ರುಬ್ಬಿಸಿದರು. ಮಕ್ಕಳು ಮತ್ತೆ ಓದಿದರು, ಅವರು ಮತ್ತೆ ರುಬ್ಬಿಸಿದರು. ಪ್ರತಿ ಸಲವೂ ಅಕ್ಷರ ಕರಗುತ್ತ ಹೋಗಿ, ಕೊನೆಗೆ ಬರೀ ಬೂದುಬಣ್ಣ ಉಳಿಯಿತು. ಅಷ್ಟರಲ್ಲಿ ಕತೆಗಳೆಲ್ಲ ಮಕ್ಕಳಿಗೆ ಬಾಯಿಪಾಠವಾಗಿದ್ದವು. ಕೈ ತೊಳೆದು, ಹಾಳೆಯ ಅಂಚನ್ನಷ್ಟೇ ಹಿಡಿದು, ಗಟ್ಟಿಯಾಗಿ ಓದುವುದನ್ನು ಅವರು ರೂಢಿಸಿಕೊಂಡಿದ್ದರು.

"ಏನಮ್ಮ ಓದ್ತಿದೀಯ?" ಅಧಿಕಾರಿ ಹೊಲಿಗೆಯವಳ ಮಗಳನ್ನು ಕೇಳಿದರು.

"ಕತೆ ಸರ್."

"ಎಲ್ಲಿದೆ?"

"ಇಲ್ಲೇ ಸರ್. ತಾಳಿ, ಈಗ ನರಿ ಬಾವಿಗೆ ಬೀಳುತ್ತೆ." ಅವಳು ಹಾಳೆ ತಿರುಗಿಸಿದಳು.

ಅಧಿಕಾರಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮಡಿಕೆಯಿಲ್ಲ, ಗುರುತಿಲ್ಲ. ಓದಿದರೂ ಸವೆಯದ ಪುಸ್ತಕವನ್ನು ಅವರು ತಮ್ಮ ಇಡೀ ಸೇವೆಯಲ್ಲಿ ಕಂಡಿರಲಿಲ್ಲ.

ಮೂರನೇ ಸುತ್ತೋಲೆ ಹೊರಟಿತು. ಮುಂದಿನ ವರ್ಷದಿಂದ ಎಲ್ಲ ಪಠ್ಯಪುಸ್ತಕಗಳೂ ಇದೇ ಮಾದರಿಯಲ್ಲಿರತಕ್ಕದ್ದು. ನಾಲ್ಕೂ ವಿಷಯಗಳ ನಡುವೆ ಯಾವ ವ್ಯತ್ಯಾಸವೂ ಉಳಿಯದೆ ಯೋಜನೆಯ ಗುರಿ ಈಡೇರಿದೆ. ಮುದ್ರಣದ ಗುತ್ತಿಗೆದಾರರಿಗೆ ಎಂದಿನ ದರವನ್ನೇ ಕೊಡತಕ್ಕದ್ದು, ಏಕೆಂದರೆ ಅಚ್ಚು ಬೀಳದಂತೆ ನೋಡಿಕೊಳ್ಳುವುದು ಹೆಚ್ಚು ಎಚ್ಚರದ ಕೆಲಸ.

ಮರುವರ್ಷ ನಾಲ್ಕನೇ ತರಗತಿಗೆ ಹೊಸ ಮಕ್ಕಳು ಬಂದರು. ಅವರು ನರಿಯ ಕತೆ ಓದಿದವರಲ್ಲ. ಪುಸ್ತಕ ಬಿಡಿಸಿ ಸುಮ್ಮನೆ ಕೂತರು. ಎಂಥ ಶಿಸ್ತು ಎಂದು ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಮೆಚ್ಚಿಕೊಂಡರು. ಮೇಡಂ ಒಂದು ದಿನ ನರಿಯ ಕತೆ ಹೇಳಲು ಬಾಯಿ ತೆರೆದರೆ, ಅದು ಪುಸ್ತಕದಲ್ಲಿಲ್ಲವೆಂದು ಹೆಡ್‌ಮಾಸ್ಟರೇ ತಡೆದರು.

ತಿಂಗಳ ಕೊನೆಗೆ ಒಬ್ಬ ತಾಯಿ ಮಗನ ಪುಸ್ತಕ ತಂದು ತೋರಿಸಿದಳು.

"ನೋಡಿ ಮೇಡಂ, ಎಷ್ಟು ಜೋಪಾನವಾಗಿ ಇಟ್ಕೊಂಡಿದಾನೆ. ಇವನ ತಂಗಿಗೂ ಆಗುತ್ತೆ ಅಲ್ವಾ?"

ಮೇಡಂ ಪುಟಗಳನ್ನು ಒಂದೊಂದಾಗಿ ಮಗುಚಿದರು.

"ಆಗುತ್ತೆ ಕಣಮ್ಮ," ಎಂದರು. ಆಮೇಲೆ ತರಗತಿಯತ್ತ ತಿರುಗಿ, "ಎಲ್ಲರೂ ಎಂಟನೇ ಪುಟ ತೆಗೀರಿ," ಎಂದರು. ಎಲ್ಲರೂ ಎಣಿಸಿ ತೆಗೆದರು. ಹತ್ತನೇ ಪುಟ ತೆಗೆದಿದ್ದ ಒಬ್ಬನನ್ನು ಎದ್ದು ನಿಲ್ಲಿಸಿ ಚೆನ್ನಾಗಿ ಬೈದರು.