ಅಟ್ಟ ಬಿಟ್ಟು ಆಫೀಸಿಗೆ ಬನ್ನಿ

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನನ್ನ ನೌಕರಿಗೆ ಆದೇಶಗಳು ಹಾಗೆ ಬರುತ್ತವೆ. ಒಂದನ್ನು ಸುಧಾರಿಸಿಕೊಂಡು ಉಸ್ಸಪ್ಪ ಅನ್ನುವುದರೊಳಗೆ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ. ಹೋದ ವರ್ಷ ಬಂದದ್ದಂತೂ ಬಂದು ಕೂತೇ ಬಿಟ್ಟಿದೆ, ಏಳುವ ಲಕ್ಷಣ ಇಲ್ಲ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಸಿಹಿತಿಂಡಿ, ಬಿಸ್ಕತ್ತು ಮಾಡುವ ಒಂದು ದೊಡ್ಡ ಕಂಪನಿಗೆ ಕೊಬ್ಬರಿ ಆರಿಸಿಕೊಡುವವನು ನಾನು. ಮನೆ ತುರುವೇಕೆರೆಯಲ್ಲಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಬೇಕಾದರೆ ಅಟ್ಟ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಡಗಡ ಅಂದರೆ ಆಗಿದೆ, ನೀರಿನ ಸದ್ದು ಬಂದರೆ ಇನ್ನೂ ಕಾಯಬೇಕು. ಇಪ್ಪತ್ತೆರಡು ವರ್ಷದಿಂದ ನಾನು ಮಾಡಿಕೊಂಡು ಬಂದಿರುವುದು ಇಷ್ಟೇ. ಏಣಿ ಹತ್ತು, ಕಾಯಿ ಅಲ್ಲಾಡಿಸು, ಇಳಿ, ಮುಂದಿನ ಊರಿಗೆ ನಡೆ. ಹತ್ತು ನಿಮಿಷ ಕುರ್ಚಿಯಲ್ಲಿ ಕೂತರೆ ನನಗೆ ಅಂಗಾಲು ಕಡಿಯಲು ಶುರುವಾಗುತ್ತದೆ. ಅಂಥವನ ತಲೆಯ ಮೇಲೆ ಈ ಆದೇಶ ಬಂದು ಬಿತ್ತು.

೧. ವಾಪಸ್ ಎಲ್ಲಿಗೆ?

"ಎಲ್ಲ ನೌಕರರೂ ಕಚೇರಿಗೆ ಮರಳತಕ್ಕದ್ದು. ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರು."

ಕಚೇರಿ ಅಂದರೆ ತುಮಕೂರಿನಲ್ಲಿ ಹೊಸದಾಗಿ ಹಿಡಿದ ಗಾಜಿನ ಮಹಡಿ. ಕೊರೋನಾ ಕಾಲದಿಂದ ಮನೆಯಲ್ಲೇ ಕೂತು ಕಂಪ್ಯೂಟರ್ ಕುಟ್ಟುತ್ತಿದ್ದವರಿಗೆ ಅಂತ ಮಾಡಿದ ಆದೇಶ ಅದು. ಪಟ್ಟಿಯಲ್ಲಿ ನಮ್ಮ ಹೆಸರೂ ಇತ್ತಲ್ಲ, ಅಟ್ಟ ಹತ್ತುವ ನಾವು ಆರು ಜನಕ್ಕೂ ತಗಲಿಕೊಂಡಿತು. ಸಿಬ್ಬಂದಿ ವಿಭಾಗದ ಹುಡುಗಿಗೆ ಫೋನ್ ಮಾಡಿದೆ.

"ಮೇಡಂ, ಮರಳಬೇಕು ಅಂತ ಬರೆದಿದ್ದೀರ. ನಾನು ಆಫೀಸಲ್ಲಿ ಒಂದು ದಿನಾನೂ ಕೂತವನಲ್ಲ."

"ಒಂದು ದಿನಾನೂ ಇಲ್ವಾ? ಎಷ್ಟು ವರ್ಷದಿಂದ ಸರ್?"

"ಇಪ್ಪತ್ತೆರಡು."

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದು ಬಂತು. ಆಮೇಲೆ ಬಹಳ ಮೆತ್ತಗೆ, "ಇದನ್ನ ಬೇರೆ ಯಾರ ಹತ್ರಾನೂ ಹೇಳ್ಬೇಡಿ ಸರ್. ಸುಮ್ನೆ ನಾಳೆಯಿಂದ ಬಂದ್ಬಿಡಿ" ಅಂದಳು.

೨. ಕೊಟ್ಟ ಒಂದು ದಿನ

ಹಾಜರಿ ಹಾಕುವುದು ಫೋನಿನಲ್ಲಿ. ಗಾಜಿನ ಮಹಡಿಯೊಳಗೆ ನಿಂತು, ಒಂಬತ್ತೂವರೆಯೊಳಗೆ ಮುಖ ತೋರಿಸಿದರೆ ಹಸಿರು, ಇಲ್ಲದಿದ್ದರೆ ಕೆಂಪು. ತಿಂಗಳಲ್ಲಿ ನಾಲ್ಕು ಕೆಂಪು ಬಿದ್ದರೆ ವರ್ಗಾವಣೆ. ಎಲ್ಲಿಗೆ ಅಂತೀರಿ? ಉತ್ತರದ ಯಾವುದೋ ಗೋದಾಮಿಗೆ. ಅಲ್ಲಿಯವರು ತೆಂಗಿನಮರವನ್ನು ಕ್ಯಾಲೆಂಡರಿನಲ್ಲಿ ನೋಡಿರುತ್ತಾರೆ.

ಹಳ್ಳಿ ಸುತ್ತಲು ಕಂಪನಿ ದೊಡ್ಡ ಮನಸ್ಸು ಮಾಡಿ ಒಂದು ದಿನ ಬಿಟ್ಟುಕೊಟ್ಟಿತು. ಸೋಮವಾರ!

ಬೋರನಕಣಿವೆ ಕಡೆಯ ಒಂದು ಹಟ್ಟಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಕುರಿಯೂ ಉಂಟು, ತೋಟವೂ ಉಂಟು, ನಾಲಿಗೆಯೂ ಉಂಟು. ಅವರ ಅಟ್ಟದಂಥ ಕೊಬ್ಬರಿ ಮೂರು ತಾಲ್ಲೂಕಿನಲ್ಲಿ ನಾನು ಕಂಡಿಲ್ಲ. ಇಷ್ಟು ವರ್ಷವೂ ನನಗಲ್ಲದೆ ಬೇರೆಯವರಿಗೆ ಅವರು ಏಣಿ ಹಾಕಿದವರಲ್ಲ. ಅವರಿಗೆ ಫೋನ್ ಮಾಡಿ, "ಅಜ್ಜಿ, ಇನ್ಮೇಲೆ ನಾನು ಸೋಮವಾರ ಮಾತ್ರ ಬರೋಕಾಗೋದು" ಅಂದೆ.

"ಸೋಮವಾರ ಎತ್ತಿಗೆ ನೊಗ ಹಾಕಲ್ಲ, ಅಟ್ಟಕ್ಕೆ ಏಣಿ ಹಾಕಲ್ಲ. ನಮ್ಮತ್ತೆ ಕಾಲದಿಂದ್ಲೂ ಹಂಗೇಯ. ನಿಂಗೊತ್ತಿಲ್ವೇನಪ್ಪ?"

"ನಂಗೊತ್ತು. ಕಂಪನಿಗೆ ಗೊತ್ತಿಲ್ಲ."

"ಮಂಗಳವಾರ ಬಾ ಮತ್ತೆ."

"ಮಂಗಳವಾರ ಆಫೀಸಲ್ಲಿರ್ಬೇಕು."

"ಅಲ್ಲೇನು ಕೆಲ್ಸ?"

ಆ ವಯಸ್ಸಾದ ಜೀವಕ್ಕೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇರೋದೇ ಕೆಲ್ಸ ಅಜ್ಜಿ" ಅಂದೆ.

"ನಮ್ಮನೆ ಒನಕೆನೂ ಮೂಲೇಲಿ ಇರ್ತೈತೆ ಕಣಪ್ಪ. ಅದ್ಕೂ ಸಂಬಳ ಕೊಡ್ತಾರಾ ಕೇಳು."

ಅಷ್ಟಕ್ಕೇ ಬಿಡಲಿಲ್ಲ. "ಕಾಯಿ ಆಗ್ತಾ ಬಂದೈತೆ. ನೀನು ಬರ್ದಿದ್ರೆ ಹುಳಿಯಾರಿನ ವ್ಯಾಪಾರಿಗೆ ಏಣಿ ಹಾಕ್ತೀನಿ, ಆಮೇಲೆ ನನ್ನ ಬೈಬ್ಯಾಡ" ಅಂತ ಫೋನಿಟ್ಟರು. ಆಫೀಸಿಗೆ ಹೋದರೆ ಅಟ್ಟ ಕೈಬಿಡುತ್ತದೆ, ಅಟ್ಟಕ್ಕೆ ಹೋದರೆ ಊರೇ ಕೈಬಿಡುತ್ತದೆ. ಆ ದಿನ ನನಗೆ ಊಟ ಸೇರಲಿಲ್ಲ.

೩. ಬ್ಯಾಗಿನೊಳಗೆ ಏನಿದೆ

ಮೊದಲ ದಿನ ಎರಡು ಬಸ್ಸು ಬದಲಾಯಿಸಿ ಆಫೀಸಿನ ಬಾಗಿಲಿಗೆ ಹೋದೆ. ಬ್ಯಾಗನ್ನು ಯಂತ್ರದೊಳಗೆ ತಳ್ಳಿದರು. ಯಂತ್ರ ಕಿರುಚಿಕೊಂಡಿತು. ಕಾವಲಿನವನು ಗುಬ್ಬಿ ಕಡೆಯವನು. ಬ್ಯಾಗಿಗೆ ಕೈಹಾಕಿ ಮೊಳದುದ್ದದ ಮಚ್ಚು ಎಳೆದ.

"ಇದ್ಯಾಕೆ ಸಾರ್?"

"ಕಾಯಿ ಒಡೆದು ನೋಡೋಕಪ್ಪ. ಇಪ್ಪತ್ತು ವರ್ಷದಿಂದ ಬ್ಯಾಗಲ್ಲೇ ಇದೆ."

"ಒಳಗೆ ಕಾಯಿ ಐತಾ?"

"ಇಲ್ಲ."

"ಮತ್ತೆ ಮಚ್ಚು ಯಾರಿಗೆ?"

ನ್ಯಾಯವಾದ ಪ್ರಶ್ನೆ. ಸಂಜೆ ಹೋಗುವಾಗ ತೆಗೆದುಕೊಳ್ಳಿ ಅಂತ ಎತ್ತಿಟ್ಟುಕೊಂಡ.

ಒಳಗೆ ಇಡೀ ದಿನ ಮೀಟಿಂಗ್. ಎದುರುಬದುರು ಕೂತು ಮಾತಾಡಿದರೆ ಕೆಲಸ ಸುಧಾರಿಸುತ್ತದೆ ಅಂತ ಕರೆಸಿದವರು ಆರು ಜನರನ್ನೂ ಒಂದೇ ಮೇಜಿಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಸಿ, ಕಂಪ್ಯೂಟರಿನಲ್ಲೇ ಮೀಟಿಂಗ್ ಮಾಡಿದರು. ಪಕ್ಕದವನು ಕೆಮ್ಮಿದರೆ ಒಂದು ಸಲ ಗಾಳಿಯಲ್ಲಿ ಕೇಳುತ್ತಿತ್ತು, ಇನ್ನೊಂದು ಸಲ ಇಂಟರ್ನೆಟ್ಟಿನಲ್ಲಿ. ನನಗೆ ಅಂಗಾಲು ಕಡಿದು ಕಡಿದು ಮೇಜಿನ ಕೆಳಗೇ ಮೂರು ಮೈಲಿ ನಡೆದಿದ್ದೆ.

ಸಂಜೆ ಬಾಗಿಲಿಗೆ ಬಂದೆ. ಕಾವಲಿನವನು ಮಚ್ಚು ಎತ್ತಿಕೊಂಡು, ನನ್ನ ಮುಖ ನೋಡಿ ನಿಂತುಬಿಟ್ಟ.

"ಮೀಟಿಂಗ್ ಹೆಂಗಿತ್ತು ಸಾರ್?"

"ಏಳೆಂಟು ಗಂಟೆ ಹೊತ್ತು ನಡೀತಪ್ಪ."

ಮಚ್ಚನ್ನು ಮೆಲ್ಲಗೆ ವಾಪಸ್ ಒಳಗಿಟ್ಟ. "ಇವತ್ತು ಬ್ಯಾಡ ಸಾರ್. ನಾಳೆ ತಗೊಂಡೋಗಿ."

೪. ಮುಖ ಯಾರದು

ನಾನೂ ಉಪಾಯ ಮಾಡದೆ ಇರಲಿಲ್ಲ. ಒಂದು ದಿನ ಕೋಳಿ ಕೂಗುವ ಹೊತ್ತಿಗೆ ದಬ್ಬೇಘಟ್ಟದಲ್ಲಿ ಒಂದು ಅಟ್ಟ ಹತ್ತಿ, ಕಾಯಿ ನೋಡಿ ಮುಗಿಸಿ, ಬಸ್ಸು ಹಿಡಿದು ಓಡೋಡಿ ಬಂದೆ. ಒಂಬತ್ತು ಇಪ್ಪತ್ತೆಂಟು. ಗೆದ್ದೆ ಅಂದುಕೊಂಡು ಫೋನಿಗೆ ಮುಖ ತೋರಿಸಿದರೆ, 'ಈ ಮುಖ ನಮ್ಮ ದಾಖಲೆಯಲ್ಲಿಲ್ಲ' ಅಂತ ಬಂತು. ಅಡುಗೆಮನೆಯ ಮೇಲಿನ ಅಟ್ಟ, ಮೂರು ತಲೆಮಾರಿನ ಮಸಿ ನನ್ನ ಹಣೆಯಿಂದ ಗದ್ದದವರೆಗೆ ಬಳಿದುಕೊಂಡಿತ್ತು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾಕೆ ತುಮಕೂರಿನ ತನಕ ಖಾಲಿ ಇತ್ತು ಅಂತ ಆಗ ಅರ್ಥವಾಯಿತು. ತೊಳೆದುಕೊಂಡು ಬರುವಷ್ಟರಲ್ಲಿ ಕೆಂಪು ಬಿದ್ದಿತ್ತು. ಫೋನು, 'ಸ್ವಾಗತ, ಈಗ ಗುರುತು ಸಿಕ್ಕಿತು' ಅಂತ ಬೇರೆ ಅಂದಿತು.

೫. ನೆಮ್ಮದಿಯ ಮನುಷ್ಯ

ನಾನು ಹೋಗದಿದ್ದರೆ ಏನಂತೆ, ಬೆಳೆಗಾರರು ಫೋನಿನಲ್ಲೇ ಕಾಯಿ ಅಲ್ಲಾಡಿಸಲು ಶುರುಮಾಡಿದರು. "ಕೇಳುಸ್ತಾ ಸಾರ್?" ಗಡಗಡ. "ಇದು?" ಗಡಗಡ. ಆಫೀಸಿನ ಗಲಾಟೆಯಲ್ಲಿ ಕೇಳಿಸದು ಅಂತ ಫೋನ್ ಮಾತಿಗಾಗಿಯೇ ಇಟ್ಟಿದ್ದ ಗಾಜಿನ ಗೂಡಿನೊಳಗೆ ಸೇರಿಕೊಂಡು, ಕಣ್ಣು ಮುಚ್ಚಿ, ಉಸಿರು ಹಿಡಿದು ಆಲಿಸುತ್ತಿದ್ದೆ. ಒಳಗೊಳಗೇ ಬೇಯುತ್ತಿದ್ದೆ. ಏಕೆಂದರೆ ಫೋನಿನಲ್ಲಿ ಎಲ್ಲ ಕಾಯಿಯೂ ಗಡಗಡ ಅನ್ನುತ್ತದೆ, ನೀರಿರುವುದೂ ಸೇರಿ.

ಸಿಬ್ಬಂದಿ ವಿಭಾಗದ ಹುಡುಗಿ ಹೊರಗಿನಿಂದ ಅದನ್ನು ಫೋಟೋ ತೆಗೆದುಕೊಂಡಿದ್ದಳಂತೆ. ಎರಡು ದಿನ ಬಿಟ್ಟು ನೋಡಿದರೆ ಲಿಫ್ಟಿನ ಪಕ್ಕ ಆಳೆತ್ತರದ ಪೋಸ್ಟರ್. ಕಣ್ಣು ಮುಚ್ಚಿದ ನಾನು, ಕೆಳಗೆ ದೊಡ್ಡಕ್ಷರದಲ್ಲಿ 'ಕಚೇರಿಗೆ ಬನ್ನಿ, ನೆಮ್ಮದಿ ಕಾಣಿ'.

ಫೋನಿನಲ್ಲಿ ಅದರ ಚಿತ್ರ ಹೆಂಡತಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಯಾರ್ರೀ ಇವ್ರು? ಸ್ವಲ್ಪ ನಿಮ್ಮ ಥರಾನೇ ಇದಾರೆ."

೬. ಏಣಿ

ನೀರಿರುವ ಕಾಯಿ ಒಂದು ಲಾರಿ ತುಂಬ ಕಾರ್ಖಾನೆಗೆ ಹೋಗಿ ವಾಪಸ್ ಬಂತು. ನಮ್ಮ ಮ್ಯಾನೇಜರು ಕರೆಸಿದರು. ಬೆಂಗಳೂರಿನವರು, ಕೆಟ್ಟವರಲ್ಲ, ನನ್ನ ಹಾಗೇ ಮೇಲಿನವರಿಗೆ ಹೆದರುವವರು. ಅಷ್ಟರಲ್ಲಿ ಇನ್ನೆರಡು ಅಟ್ಟಕ್ಕೆ ಕದ್ದು ಹೋಗಿ ನನ್ನ ಲೆಕ್ಕದಲ್ಲಿ ಮೂರು ಕೆಂಪಾಗಿದ್ದವು. ಇನ್ನೊಂದು ಬಿದ್ದರೆ ಮುಗಿಯಿತು. ಆದರೂ ತಡೆಯಲಾಗಲಿಲ್ಲ. "ಸಾರ್, ಒಂದೇ ಒಂದು ಸಲ ಅಟ್ಟ ಹತ್ತಿ ನೋಡಿ. ಆಮೇಲೆ ಎಲ್ಲಿಗಾದ್ರೂ ಹಾಕಿ" ಅಂದೆ.

ಗುರುವಾರ ಬೆಳಿಗ್ಗೆ ಅವರ ಕಾರಿನಲ್ಲೇ ಅಜ್ಜಿಯ ಹಟ್ಟಿಗೆ ಹೋದೆವು. ಒಂಬತ್ತು ಗಂಟೆಗೆ ಇಬ್ಬರೂ ಅಟ್ಟದ ಮೇಲೆ. ಒಂದು ಆದ ಕಾಯಿ, ಒಂದು ಆಗದ ಕಾಯಿ ಅವರ ಕಿವಿಯ ಹತ್ತಿರ ಅಲ್ಲಾಡಿಸಿದೆ. ಅವರ ಮುಖ ಅರಳಿತು. ಗಿಲಕಿ ಸಿಕ್ಕ ಮಗುವಿನ ಹಾಗೆ ಒಂದಾದ ಮೇಲೊಂದು ಕಾಯಿ ತೆಗೆದು ಅಲ್ಲಾಡಿಸತೊಡಗಿದರು.

"ನಿಜ ಕಣ್ರೀ. ಇದು ಫೋನಲ್ಲಿ ಆಗೋ ಕೆಲಸ ಅಲ್ಲ."

ಕೆಳಗಿನಿಂದ ಅಜ್ಜಿ ಕೂಗಿದರು. "ಸಾಮಿ, ಇನ್ಮೇಲೆ ಇವುನ್ನ ನಾನು ಕರೆದಾಗ ಕಳಿಸ್ತೀರಾ?"

"ಅಮ್ಮಾ, ಅದು ಹೆಡ್ ಆಫೀಸ್ ರೂಲು. ನಾನೇನೂ ಮಾಡೋಕಾಗಲ್ಲ."

"ಹಂಗಾದ್ರೆ ಏನಾರ ಮಾಡೋಕಾದಾಗ ಹೇಳಿ" ಅಂತ ಅಜ್ಜಿ ಏಣಿಯನ್ನು ಅಟ್ಟದಿಂದ ಎಳೆದು ಎದುರಿನ ಗೋಡೆಗೆ ಒರಗಿಸಿ, ಕುರಿಗೆ ಸೊಪ್ಪು ಹಾಕಲು ಹೋದರು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ನನ್ನ ಫೋನು ಕೀಂ ಅಂದಿತು. 'ನೀವು ಕಚೇರಿಯಲ್ಲಿಲ್ಲ. ಹತ್ತು ನಿಮಿಷ ಉಳಿದಿದೆ.' ಮರುಗಳಿಗೆ ಮ್ಯಾನೇಜರ ಫೋನೂ ಕೀಂ ಅಂದಿತು. ಅವರ ಮುಖ ನನ್ನದಕ್ಕಿಂತ ಬಿಳುಚಿತು.

"ನಿಮಗೂ ಇದ್ಯಾ ಸಾರ್ ಇದು?"

"ಲಾರಿ ಗಲಾಟೇಲಿ ಮರ್ತೇಬಿಟ್ಟಿದ್ದೆ, ನಂದೂ ನಾಲ್ಕನೇದು ಕಣ್ರೀ!"

ಅಟ್ಟದ ಮೇಲೆ ನಾಲ್ಕು ಸಾವಿರ ಕಾಯಿ, ಎರಡು ನೌಕರಿ, ಏಣಿ ಮಾತ್ರ ಇಲ್ಲ. ಮ್ಯಾನೇಜರು ತಲೆ ಕೆರೆದುಕೊಂಡರು, ಬೆವರು ಒರೆಸಿಕೊಂಡರು. ಆಮೇಲೆ ಇದ್ದಕ್ಕಿದ್ದ ಹಾಗೆ, "ರೂಲು ಬದಲಾಯಿಸೋ ಅಧಿಕಾರ ನಂಗಿಲ್ಲ. ಆದ್ರೆ ವರ್ಷಕ್ಕೊಂದು ಹೊಸ ಆಫೀಸ್ ಸೇರಿಸೋ ಅಧಿಕಾರ ಇದೆ!" ಅಂದರು. ಹಂಚಿನ ಸಂದಿಗೆ ಫೋನ್ ಹಿಡಿದು ಸಿಗ್ನಲ್ ಹುಡುಕಿ, ಒತ್ತತೊಡಗಿದರು. ಕಚೇರಿಯ ಹೆಸರು: ಬೋರನಕಣಿವೆ ಶಾಖೆ. ಮಹಡಿ: ಒಂದನೆಯದು. ಲಿಫ್ಟ್: ಇಲ್ಲ. ಸಿಬ್ಬಂದಿ: ನನ್ನ ಹೆಸರು. ಭೇಟಿಗೆ ಬಂದ ಅಧಿಕಾರಿ: ಅವರ ಹೆಸರು.

ಒಂಬತ್ತು ಇಪ್ಪತ್ತೊಂಬತ್ತಕ್ಕೆ ಎರಡು ಫೋನೂ ಹಸಿರಾದವು. ಕುಣಿದಾಡುವ ಹಾಗಾಗಿ ಇಬ್ಬರೂ ಎದ್ದು ನಿಂತು ತೊಲೆಗೆ ತಲೆ ಹೊಡೆಸಿಕೊಂಡೆವು. "ಅಮ್ಮಾ, ಇವ್ರು ಇನ್ಮೇಲೆ ನಿಮ್ಮ ಅಟ್ಟಕ್ಕೆ ಯಾವಾಗ ಬೇಕಾದ್ರೂ ಬರ್ತಾರೆ" ಅಂತ ಮ್ಯಾನೇಜರು ಕೂಗಿದರು. ಏಣಿ ಬಂತು, ಹಿಂದೆಯೇ ಎರಡು ಲೋಟ ಮಜ್ಜಿಗೆಯೂ ಬಂತು. ಗೋದಾಮಿನ ಭೂತ ತೊಲಗಿತು ಅಂತ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಮುಂದಿನ ಮಂಗಳವಾರ, ಇನ್ನು ಯಾವ ಅಟ್ಟಕ್ಕೆ ಹೋದರೂ ಹಸಿರೇ ಅಂದುಕೊಂಡು, ಹಕ್ಕಿಯ ಹಾಗೆ ಮಾಯಸಂದ್ರದ ಕಡೆ ಹೊರಟಿದ್ದೆ. ಒಂಬತ್ತು ಗಂಟೆಗೆ ಫೋನು ಕೀಂ. 'ನೀವು ನಿಮ್ಮ ಕಚೇರಿಯಲ್ಲಿಲ್ಲ. ಬೋರನಕಣಿವೆ ಶಾಖೆ, ಒಂದನೆಯ ಮಹಡಿ.' ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ಗಂಟಲು ಸರಿಮಾಡಿಕೊಂಡು, "ಹೌದು ಕಣ್ರೀ, ಸಿಸ್ಟಮ್ಮು ನಿಮ್ಮನ್ನ ಅಲ್ಲಿಗೇ ವರ್ಗ ಮಾಡಿಬಿಟ್ಟಿದೆ. ತೆಗೆಯೋಕೆ ನಂಗೂ ಬರ್ತಿಲ್ಲ. ವಾರಕ್ಕೆ ನಾಲ್ಕು ದಿನ ಅಲ್ಲೇ ಇರ್ಬೇಕು" ಅಂದರು.

ಬಿದ್ದೆನೋ ಎದ್ದೆನೋ ಅಂತ ಸಿಕ್ಕ ಕಾರು ಮಾಡಿಕೊಂಡು ಹಟ್ಟಿಗೆ ಓಡಿದೆ. ಅಜ್ಜಿ ಅಂಗಳ ಗುಡಿಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ, ಹೇಳುವಾಗ ಅಳುವೇ ಬಂದಿತ್ತು. ಅವರು ಪೊರಕೆ ಹಿಡಿದುಕೊಂಡೇ ಪೂರ್ತಿ ಕೇಳಿದರು.

"ಬೆಳಗ್ಗಿಂದ ಸಂಜೆಗಂಟ ಅಟ್ಟದಾಗೇ ಕೂತಿರ್ತೀಯಾ?"

"ಹೂಂ ಅಜ್ಜಿ."

"ನಾಕು ದಿನಾನೂವೆ?"

"ನಾಲ್ಕು ದಿನಾನೂ."

ಅಜ್ಜಿ ಪೊರಕೆ ಮೂಲೆಗಿಟ್ಟು, ಏಣಿ ತಂದು ಅಟ್ಟಕ್ಕೆ ಒರಗಿಸಿದರು.

"ಹತ್ತು ಮತ್ತೆ. ಅಟ್ಟದಾಗೆ ಇಲಿ ಕಾಯ್ತಿದ್ದ ಬೆಕ್ಕು ಸತ್ತು ಮೂರು ತಿಂಗಳಾಯ್ತು ಕಣಪ್ಪ, ಆ ಜಾಗ ಖಾಲೀನೇ ಐತೆ."