ಕಂಪನಿಯ ಹೆಸರಿಗೊಂದು ಕಾರು

ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕೋಲ್ಕತಾದಲ್ಲಿ ಇಲ್ಲ ಎಂದು ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ಯಜಮಾನರು ತೀರಿಕೊಂಡ ಮೂರೇ ತಿಂಗಳಲ್ಲಿ ಮರಣಪತ್ರ, ಬ್ಯಾಂಕು, ವಿಮೆ, ಗ್ಯಾಸು, ಕರೆಂಟು ಎಲ್ಲದರ ಅರ್ಜಿಗಳನ್ನೂ ಒಂದು ಕಾಟು ಹೊಡೆಯದೆ ತುಂಬಿದ್ದೆ. ಇನ್ನು ಒಂದು ಕಾರಿನ ನೋಂದಣಿ ಯಾವ ಮಹಾ!

ಕಾರು ಬುಕ್ ಮಾಡಿದ್ದು ಅವರೇ. ಪ್ರಯೋಗಾಲಯಗಳ ತೂಕದ ಯಂತ್ರ ರಿಪೇರಿ ಮಾಡುವ ಪುಟ್ಟ ಕಂಪನಿ ನಮ್ಮದು. ಎಷ್ಟು ಪುಟ್ಟದೆಂದರೆ, ನಿರ್ದೇಶಕರು ಇಬ್ಬರು: ಅವರು ಮತ್ತು ನಾನು. ಕೆಲಸಗಾರರು ಒಬ್ಬರು: ಅವರೇ! ತೂಕದ ಬಟ್ಟುಗಳ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಗರಿಯಾಹಾಟಿನಿಂದ ಬಾರಾನಗರಕ್ಕೆ ಬಸ್ಸಿನಲ್ಲಿ ಓಡಾಡಿ ಬೆನ್ನು ಸೋತು, ಕೊನೆಗೆ ಕಂಪನಿಯ ಹೆಸರಿನಲ್ಲಿ ಕಾರು ಬುಕ್ ಮಾಡಿದರು. ಕಾರು ಬರುವ ಮೊದಲೇ ಅವರ ಹೃದಯ ನಿಂತಿತು.

ಷೋರೂಮಿನ ಶುಭೋ ಒಳ್ಳೆಯ ಹುಡುಗ, ಅವರನ್ನು ದಾದಾ ಎಂದೂ ನನ್ನನ್ನು ಬೌದಿ, ಅಂದರೆ ಅತ್ತಿಗೆ, ಎಂದೂ ಕರೆಯುತ್ತಿದ್ದ. "ಬೌದಿ, ಬೇಡವಾದರೆ ಕ್ಯಾನ್ಸಲ್ ಮಾಡೋಣ. ಇಲ್ಲವೇ ನಿಮ್ಮ ಹೆಸರಿಗೆ ಮಾಡಿಸಿ, ಸುಲಭ" ಎಂದ. ನನಗೆ ಮನಸ್ಸು ಬರಲಿಲ್ಲ. ಬುಕಿಂಗ್ ಕಾಗದದ ಮೇಲೆ ಅವರ ಸಹಿ ಇತ್ತು. ಕಾರು ಬೇಡವೆಂದರೆ ಕಂಪನಿಯನ್ನೂ ನಾನೇ ಕೈಯಾರೆ ಮುಚ್ಚಿದಂತೆ ಅನ್ನಿಸಿತು.

"ಕಂಪನಿ ಹೆಸರಿಗೇ ಆಗಲಿ" ಎಂದೆ, ಗತ್ತಿನಿಂದ.

"ಹಾಗಾದರೆ ನಿರ್ದೇಶಕರ ಸಭೆಯ ಠರಾವು ಬೇಕು."

ಠರಾವು! ಕಂಪ್ಯೂಟರಿನಲ್ಲಿ ಹಳೆಯದೊಂದಿತ್ತು. ತಾರೀಖು ಬದಲಿಸಿದೆ, 'ಪ್ರಿಂಟರ್' ಇದ್ದಲ್ಲಿ 'ಕಾರು' ಎಂದು ಹಾಕಿದೆ, ಮೊಹರು ಒತ್ತಿ ಕೊಟ್ಟೆ. ಶುಭೋ ಓದಿದ. ಮತ್ತೊಮ್ಮೆ ಓದಿದ. ಕನ್ನಡಕ ತೆಗೆದು ಒರೆಸಿದ.

"ಬೌದಿ, ಸಭೆಗೆ ದಾದಾ ಬಂದಿದ್ದರಾ?"

ಕಾಗದ ಕಸಿದು ನೋಡಿದೆ. 'ಶ್ರೀ ಗಿರೀಶ ಅವರು ಸಭೆಯಲ್ಲಿ ಉಪಸ್ಥಿತರಿದ್ದು, ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು.' ತೀರಿಕೊಂಡು ಮೂರು ತಿಂಗಳಾದ ಮನುಷ್ಯ ಮೊನ್ನೆ ಮಂಗಳವಾರ ಬಂದು ಹೋಗಿದ್ದರು! ಅದೂ ನನ್ನ ಮಾತಿಗೆ ಪೂರ್ತಿ ಒಪ್ಪಿ! ಬದುಕಿದ್ದಾಗ ಪರದೆಯ ಬಣ್ಣಕ್ಕೂ ಒಪ್ಪಿದವರಲ್ಲ.

ನಗು ಬಂತು. ನಗುತ್ತಲೇ ಷೋರೂಮಿನ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಲೆಕ್ಕಪರಿಶೋಧಕರಿಗೆ ಫೋನ್ ಮಾಡಿದರೆ, ಒಬ್ಬರೇ ಕೂತರೆ ಅದು ಸಭೆಯಲ್ಲ, ಇನ್ನೊಬ್ಬ ನಿರ್ದೇಶಕರು ಬೇಕೇ ಬೇಕು ಎಂದರು. ಮನೆಯಲ್ಲಿ ಉಳಿದವರು ಒಬ್ಬರೇ: ಅತ್ತೆ. ಧಾರವಾಡದವರು, ಎಪ್ಪತ್ತಾರು ವರ್ಷ.

"ಅತ್ತಿ, ನೀವು ಡೈರೆಕ್ಟರ್ ಆಗಬೇಕು."

ಅವರು ಬಿಡಿಸುತ್ತಿದ್ದ ಬಟಾಣಿ ಕೆಳಗಿಟ್ಟರು. "ಯಾರ ಜಾಗಾಕ್ಕ?"

ನಾನು ಅರ್ಜಿಯನ್ನು ಅವರ ಮುಂದೆ ಸರಿಸಿದೆ.

"ಮಗನ ಜಾಗಾಕ್ಕ ಅವ್ವ ಬರೂದಂದ್ರ ಎಲ್ಲಾ ಉಲ್ಟಾ ಆತಲ್ಲ ಸುಮಾ" ಎಂದರು. ಆಮೇಲೆ ಮತ್ತೆ ಬಟಾಣಿ ಕೈಗೆತ್ತಿಕೊಂಡು, "ಎಲ್ಲಿ ಸಹಿ ಮಾಡ್ಲಿ, ಹೇಳು" ಎಂದರು.

ಆದರೆ ಬರಿಯ ಸಹಿ ಸಾಲದು, ಡಿಜಿಟಲ್ ಸಹಿ ಬೇಕಿತ್ತು! ಅದಕ್ಕೆ ಮೊಬೈಲಿನ ಕ್ಯಾಮೆರಾದ ಮುಂದೆ ಕೂತು ತಮ್ಮ ಹೆಸರನ್ನು ತಾವೇ ಹೇಳಬೇಕು. ಅತ್ತೆ ಹೊಸ ಸೀರೆ ಉಟ್ಟು ಕೂತರು. ನಾನು ಬಟನ್ ಒತ್ತಿದೆ.

"ನಾನು ಗಿರೀಶನ ಅವ್ವ."

ತಿರಸ್ಕೃತವಾಯಿತು. ಎರಡನೇ ಸಲವೂ ಅದೇ. ಮೂರನೇ ಸಲ ನಾನು ತಾಳ್ಮೆಗೆಟ್ಟು, "ಅತ್ತಿ, ನಿಮ್ಮ ಹೆಸರು ಹೇಳ್ರಿ, ಗಿರೀಶನ ಸುದ್ದಿ ಬ್ಯಾಡ!" ಎಂದು ಕಿರುಚಿದೆ. ಅದೂ ರೆಕಾರ್ಡ್ ಆಯಿತು! ನಾಲ್ಕನೇ ಸಲ ಅವರು ಮೆಲ್ಲಗೆ, "ಗಂಗಾಬಾಯಿ" ಎಂದರು. ಅದು ಒಪ್ಪಿಗೆಯಾಯಿತು. ಅಂದು ರಾತ್ರಿ ಅವರು ಊಟ ಮಾಡಲಿಲ್ಲ.

ಅಂತೂ ಸಭೆ ಊಟದ ಮೇಜಿನ ಬಳಿ ವಿಧ್ಯುಕ್ತವಾಗಿ ಜರುಗಿತು. ಠರಾವು ಸಿದ್ಧವಾಯಿತು. ಶುಭೋ ಜೊತೆ ಸಾರಿಗೆ ಕಚೇರಿಗೆ ಹೋದೆ. ಕಿಟಕಿಯಲ್ಲಿದ್ದ ಗುಮಾಸ್ತರು ಅರ್ಜಿ ನೋಡಿ ಪಕ್ಕದವರನ್ನು ಕರೆದರು. ಇಬ್ಬರೂ ನಕ್ಕರು.

"ದಿದಿ, ಮಾಲೀಕರ ಹೆಸರು ಕಂಪನಿಯದು, ಸರಿ. ತಂದೆಯ ಹೆಸರು ಯಾಕೆ ಬರೆದಿರಿ? ಕಂಪನಿಗೆ ಅಪ್ಪ ಇರುವುದಿಲ್ಲ."

ಖಾಲಿ ಜಾಗ ಕಂಡರೆ ಬಿಡುವ ಅಭ್ಯಾಸ ನನಗಿಲ್ಲ. 'ಗಿರೀಶ' ಎಂದು ದುಂಡಗೆ ತುಂಬಿದ್ದೆ!

"ಇದ್ದರು" ಎಂದೆ.

ಶುಭೋ ಬಂಗಾಳಿಯಲ್ಲಿ ಏನೋ ಪಿಸುಗುಟ್ಟಿದ. ಗುಮಾಸ್ತರು ನಗು ನಿಲ್ಲಿಸಿದರು. ಹೆಸರಿನ ಮೇಲೆ ಒಂದೇ ಒಂದು ತೆಳುವಾದ ಗೆರೆ ಎಳೆದು, "ಕೂತ್ಕೊಳ್ಳಿ ದಿದಿ, ಚಾ ಕುಡೀತೀರಾ?" ಎಂದರು.

ಮುಂದಿನ ವಾರ ನಂಬರ್ ಪ್ಲೇಟು ಬಂತು. ಷೋರೂಮಿನವರು ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಕೀಲಿ ನನ್ನ ಕೈಗಿಟ್ಟು ಹೊರಟುಹೋದರು. ಆಗ ಹೊಳೆಯಿತು. ಕಂಪನಿಯ ಇಬ್ಬರು ನಿರ್ದೇಶಕರಲ್ಲಿ ಒಬ್ಬರಿಗೂ ಕಾರು ಓಡಿಸಲು ಬರುವುದಿಲ್ಲ!

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಒಬ್ಬಳೇ ಕೆಳಗಿಳಿದು ಕಾರಿನಲ್ಲಿ ಕೂತೆ. ಗಾಜು ಏರಿಸಿತ್ತು. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಮನೆಯಲ್ಲಿ ಅತ್ತೆಯ ಮುಂದೆ ಅಳುವಂತಿಲ್ಲ, ಹೊರಗೆ ಜನ. ಇಲ್ಲಿ ಯಾರಿದ್ದಾರೆ? ಸ್ಟೀರಿಂಗಿಗೆ ಹಣೆಯಿಟ್ಟು, ಇಷ್ಟು ತಿಂಗಳಲ್ಲಿ ಮೊದಲ ಸಲ ಮನಸಾರೆ ಅತ್ತುಬಿಟ್ಟೆ.

ಹಾರ್ನು ಕಿವಿಗಡಚಿಕ್ಕುವಂತೆ ಕೂಗಿತು!

ಗಾಬರಿಯಲ್ಲಿ ನಾನು ಇನ್ನಷ್ಟು ಒರಗಿದೆ. ಅದು ಇನ್ನಷ್ಟು ಕೂಗಿತು. ಗಲ್ಲಿಯ ಅಷ್ಟೂ ಬಾಲ್ಕನಿಗಳಲ್ಲಿ ಜನ. ನಮ್ಮ ಬಾಲ್ಕನಿಯಿಂದ ಅತ್ತೆ, "ಯಾರಿಗೆ ದಾರಿ ಬಿಡು ಅಂತೀಯವಾ ಸುಮಾ? ಗಾಡಿ ನಿಂತಲ್ಲೇ ನಿಂತದಲ್ಲ!" ಎಂದು ಕೂಗಿದರು.

ಗುಟ್ಟಾಗಿ ಅಳಲು ಇಡೀ ಕೋಲ್ಕತಾದಲ್ಲಿ ಹುಡುಕಿ ಹುಡುಕಿ ಇಂಥ ಜಾಗ ಆರಿಸಿಕೊಂಡ ಜಾಣೆ ನಾನೊಬ್ಬಳೇ ಇರಬೇಕು.