ಹಿತ್ತಲಹಾಳದ ಮಹಾದರ್ಶನ

“ನಿನ್ನ ಪ್ರಭೂನ್ನ ಈ ಊರಿಗೆ ಕರಕೊಂಡು ಬಂದಿ ಅಂದ್ರ, ಇದ ಕೊಳ್ಳಿ ತಗೊಂಡು ಇಬ್ಬರಿಗೂ ಬಡೀತೀನಿ,” ಎಂದು ನೀಲಗಂಗವ್ವ ಒಲೆಯಿಂದ ಉರಿಯುವ ಕಟ್ಟಿಗೆಯನ್ನು ಎಳೆದಳು.

“ಮೆಲ್ಲಕ ಮಾತಾಡಕ್ಕಾ. ಹೊರಗ ನನ್ನ ಅಂಗರಕ್ಷಕರು ನಿಂತಾರ,” ಎಂದ ತಮ್ಮ ದುಂಡಪ್ಪ.

“ನಿಲ್ಲಲಿ. ಅವರ ಬಾಯಾಗ ನನ್ನ ರೊಟ್ಟಿ ಐತಿ, ಮಾತಾಡೂದಿಲ್ಲ. ಮೂಗು ಒರಸಿಕೊಳ್ಳಾಕ ಬರತಿದ್ದಿಲ್ಲ ನಿನಗ. ಈಗ ಅಂಗರಕ್ಷಕರಂತ, ಅಂಗರಕ್ಷಕರು.”

ಇದು ಬಹಳ ಹಿಂದೆ, ಜಯಘೋಷ ಎಂಬ ರಾಜ್ಯವೊಂದು ಇದ್ದಾಗ ನಡೆದ ಜಗಳ. ಇಂಥದ್ದು ಈಗ ಎಲ್ಲಿಯೂ ನಡೆಯುವುದಿಲ್ಲವೆಂದು ಬಲ್ಲವರೆಲ್ಲ ಹೇಳಿರುವುದರಿಂದ ಓದುಗರು ಕಾಫಿ ಕುಡಿಯುತ್ತ ನಿಶ್ಚಿಂತೆಯಿಂದ ಓದಬಹುದು.

ಆ ರಾಜ್ಯದ ಕೊನೆಯ ಅರಸು ಮಕ್ಕಳಿಲ್ಲದೆ ತೀರಿಕೊಂಡಾಗ, ಇನ್ನು ಮುಂದೆ ಪ್ರಜೆಗಳೇ ಓಟು ಹಾಕಿ ರಾಷ್ಟ್ರಾಧ್ಯಕ್ಷನನ್ನು ಆರಿಸಬೇಕೆಂದು ಆಸ್ಥಾನ ತೀರ್ಮಾನಿಸಿತು. ಸಿಂಹಾಸನಕ್ಕೆ ಆಗಷ್ಟೇ ಹೊಸ ಮೆತ್ತೆ ಹೊಲಿಸಿದ್ದರು. ಅದು ದಂಡವಾಗಬಾರದೆಂದು, ಗೆದ್ದ ಅಧ್ಯಕ್ಷ ಅದರ ಮೇಲೆಯೇ ಕೂರಬೇಕು, ಕಿರೀಟವನ್ನೂ ಇಡಬೇಕು, ಉಳಿದದ್ದೆಲ್ಲ ಅಪ್ಪಟ ಪ್ರಜಾಪ್ರಭುತ್ವ ಎಂದಾಯಿತು. ಅಭ್ಯರ್ಥಿಗಳಲ್ಲಿ ಎಲ್ಲರಿಗಿಂತ ಮುಂದಿದ್ದವರು ಶ್ರೀಮನ್ಮಹಾಜನನಾಯಕ ಪ್ರಚಂಡಭಾನು. ರಾಜ್ಯದ ಊರೂರೂ ಅವರಿಗೆ ಜೈ ಎಂದಿತ್ತು. ಎನ್ನದೆ ಉಳಿದದ್ದು ಹಿತ್ತಲಹಾಳ ಮಾತ್ರ.

ಹಿತ್ತಲಹಾಳ ಸಣ್ಣ ಊರು. ಹೆದ್ದಾರಿಯ ಕೆಂಧೂಳು ಒಳಗೆ ನುಗ್ಗದಿರಲೆಂದು ಹಿರಿಯರು ಮನೆಗಳನ್ನೆಲ್ಲ ದಾರಿಗೆ ಬೆನ್ನು ಮಾಡಿ ಕಟ್ಟಿದ್ದರು. ಬಾಗಿಲುಗಳೆಲ್ಲ ಗುಡ್ಡದ ಕಡೆಗೆ. ದಾರಿಯ ಕಡೆಗೆ ಅಡುಗೆಮನೆಯ ಗಟ್ಟಿ ಗೋಡೆ, ಬಟ್ಟೆ ಒಣಹಾಕುವ ಹಗ್ಗ. ಪ್ರಚಂಡಭಾನು ಹಿಂದೆ ಜಲಮಂತ್ರಿಯಾಗಿದ್ದಾಗ ಈ ಊರಿನ ಕೆರೆಯನ್ನು ವರ್ಷವರ್ಷವೂ ತಪ್ಪದೆ ಉದ್ಘಾಟಿಸಿದ್ದರು. ನೀರು ತರುವುದು ಬೇರೆ ಇಲಾಖೆಯ ಕೆಲಸವಾದ್ದರಿಂದ ಅದು ಬಂದಿರಲಿಲ್ಲ. ಊರಿಗೆ ಅವರ ಮೇಲೆ ಸಿಟ್ಟು ಹುಟ್ಟಲು ಇಷ್ಟು ಸಾಕಾಗಿತ್ತು. ಮೊದಲ ರೋಡ್ ಶೋದಲ್ಲಿ ಅವರು ಆನೆಯ ಮೇಲೆ ಕೈಮುಗಿಯುತ್ತ ಬಂದಾಗ ಒಬ್ಬರೂ ಹೊರಗೆ ಬರಲಿಲ್ಲ. ಯಾರದೋ ಒದ್ದೆ ಸೀರೆ ಮಾತ್ರ ಗಾಳಿಗೆ ಹಾರಿ ಬಂದು ಅವರ ಮುಖಕ್ಕೆ ಸುತ್ತಿಕೊಂಡಿತು. ಮಹಾಜನನಾಯಕರು ಧೃತಿಗೆಡದೆ ಸೀರೆಯೊಳಗಿಂದಲೇ ಭಾಷಣ ಮುಗಿಸಿದರು. ‘ನಾರಿಯರಿಂದ ಆತ್ಮೀಯ ಅಪ್ಪುಗೆ’ ಎಂದು ರಾಜಧಾನಿಯ ಪತ್ರಿಕೆಗಳು ಬರೆದವು.

ಪತ್ರಿಕೆ ಓದಿ ಎಲ್ಲರೂ ನಂಬಿದರು, ಪ್ರಚಂಡಭಾನು ಒಬ್ಬರನ್ನು ಬಿಟ್ಟು. ಹಿತ್ತಲಹಾಳ ಒಪ್ಪುವ ತನಕ ಕಿರೀಟ ಮುಟ್ಟೆನು ಎಂದು ಅವರು ಕೋರ್ ಕಮಿಟಿಯ ನಡುವೆ ಎದ್ದು ನಿಂತು ಭೀಷಣ ಪ್ರತಿಜ್ಞೆ ಮಾಡಿದರು. ಆಗ ಆಸ್ಥಾನಕ್ಕೆ ನೆನಪಾದವನೇ ದುಂಡಪ್ಪ. ಅವನು ಹಿತ್ತಲಹಾಳದಲ್ಲೇ ಹುಟ್ಟಿದವನು. ತಾಯಿ ಸತ್ತ ಮೇಲೆ ಅಕ್ಕ ನೀಲಗಂಗವ್ವ ಖಾನಾವಳಿ ನಡೆಸಿ, ಬಂದವರಿಗೆ ರೊಟ್ಟಿ ಬಡಿದು ಹಾಕಿ, ಅವನನ್ನು ಓದಿಸಿ ರಾಜಧಾನಿಗೆ ಕಳಿಸಿದ್ದಳು. ಅಲ್ಲಿ ಅವನು ಹೊಗಳಿಕೆ ಇಲಾಖೆಯಲ್ಲಿ ಕೆಳಗಿನ ಹುದ್ದೆಗೆ ಸೇರಿ, ದುಂದುಭಿರಾಯನೆಂದು ಹೆಸರು ಬದಲಿಸಿಕೊಂಡಿದ್ದ. ಊರನ್ನು ಒಲಿಸಿದರೆ ಮಂತ್ರಿಪದವಿ, ಒಲಿಸದಿದ್ದರೆ ಅಕ್ಕನ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುವ ಕೆಲಸ ಎಂದು ಪ್ರಭುಗಳು ಅಪ್ಪಣೆ ಮಾಡಿದರು. ತಲೆ ತೆಗೆಸುವೆ ಎಂದಿದ್ದರೂ ದುಂಡಪ್ಪ ಅಷ್ಟು ಹೆದರುತ್ತಿರಲಿಲ್ಲ.

ಅಕ್ಕನ ಕೊಳ್ಳಿಯಿಂದ ತಪ್ಪಿಸಿಕೊಂಡು ಅವನು ಮನೆಮನೆಗೆ ಹೋಗಿ ಸರ್ವೆ ಮಾಡಿದ. ನಿಮ್ಮ ಓಟು ಪ್ರಚಂಡಭಾನು ಅವರಿಗೋ ಎಂದು ಕೇಳಿದಲ್ಲೆಲ್ಲ ಬಂದದ್ದು ಒಂದೇ ಉತ್ತರ: ನೋಡೂಣ್ರಿ. ಆ ಸೀಮೆಯಲ್ಲಿ ಮುಖದ ಮೇಲೆ ಒಲ್ಲೆ ಎನ್ನುವುದು ಮರ್ಯಾದೆಯಲ್ಲ. ಹೆಣ್ಣು ಕೊಡಲು ಮನಸ್ಸಿಲ್ಲದಿದ್ದರೆ ನೋಡೂಣ ಎನ್ನುತ್ತಾರೆ. ಎತ್ತು ಕೇಳಲು ಬಂದವನಿಗೆ ಕೊಡುವ ಇಚ್ಛೆ ಇಲ್ಲದಿದ್ದರೆ ನೋಡೂಣ ಎನ್ನುತ್ತಾರೆ. ಕೇಳಿದವನಿಗೂ ತಿಳಿಯುತ್ತದೆ. ಅವನು ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಹೋಗುತ್ತಾನೆ. ದುಂಡಪ್ಪನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಅವನು ರಾಜಧಾನಿಗೆ ಮರಳಿ, ಊರೆಲ್ಲ ಒಕ್ಕೊರಲಿನಿಂದ ನೋಡೋಣ ಎನ್ನುತ್ತಿದೆ ಪ್ರಭು ಎಂದಷ್ಟೇ ಹೇಳಿ, ಅರ್ಥ ಹೇಳದೆ ಕೈಕಟ್ಟಿ ನಿಂತ.

ಮರುದಿನವೇ ಪ್ರಚಂಡಭಾನು ಸಪರಿವಾರ ದಯಮಾಡಿಸಿದರು. ಬಡವರ ಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುವ ಕಾರ್ಯಕ್ರಮ ನೀಲಗಂಗವ್ವನ ಖಾನಾವಳಿಯಲ್ಲೇ ಎಂದು ನಿಗದಿಯಾಗಿತ್ತು. ಅವಳು ಕೊಳ್ಳಿ ಹಿಡಿಯಲಿಲ್ಲ. ಊಟಕ್ಕೆ ಕೂತವರ ಮೇಲೆ ಕೈ ಎತ್ತುವ ಪದ್ಧತಿ ಅವಳ ಮನೆಯಲ್ಲಿ ಇರಲಿಲ್ಲ. ಆಸ್ಥಾನದ ಚಿತ್ರಕಾರ ಎದುರಿಗೆ ಕೂತು, ಪ್ರಭುಗಳು ರೊಟ್ಟಿಯ ತುಂಡು ಬಾಯಿಗಿಡುವ ಭಂಗಿಯನ್ನು ಬರೆಯತೊಡಗಿದ. ಹೊಟ್ಟೆ ತಾಳ ಹಾಕುತ್ತಿದ್ದರೂ ಪ್ರಭುಗಳು ಕದಲಲಿಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಪಲ್ಯ ಒಣಗಿತ್ತು, ಬಾಯಿ ತೆರೆದೇ ಇದ್ದುದರಿಂದ ದವಡೆ ಹಿಡಿದುಕೊಂಡಿತ್ತು. ವೈದ್ಯರು ಓಡಿಬಂದು ಗದ್ದಕ್ಕೆ ಒಂದು ಗುದ್ದು ಕೊಟ್ಟ ಮೇಲೆ ಅದು ಜಾಗಕ್ಕೆ ಬಂತು.

“ತಾಯೀ, ತಮ್ಮ ಅಮೂಲ್ಯ ಮತವು ಎಮಗೇ ತಾನೆ?” ಎಂದು ಪ್ರಚಂಡಭಾನು ಕೇಳಿದರು.

“ನೋಡೂಣ್ರಿ,” ಎಂದಳು ನೀಲಗಂಗವ್ವ, ಇನ್ನೊಂದು ರೊಟ್ಟಿ ಬಡಿಸುತ್ತ.

ಭಾಷಾಪಂಡಿತ ಶಬ್ದಗಂಭೀರಶಾಸ್ತ್ರಿಗಳು ಕೂತಲ್ಲೇ ಪುಳಕಗೊಂಡರು. ನೋಡು ಎಂಬುದು ಧಾತು. ಓಣ ಎಂಬುದು ಸಮಸ್ತ ಜನರ ಒಟ್ಟು ಇಚ್ಛೆ. ಜನ ನೋಡಲು ಬಯಸುತ್ತಿದ್ದಾರೆ. ಪ್ರಭುಗಳನ್ನಲ್ಲದೆ ನೋಡುವಂಥದ್ದು ಈ ಊರಿನಲ್ಲಿ ಬೇರೇನಿದೆ ಎಂದು ವ್ಯಾಖ್ಯಾನಿಸಿದರು. ಬೂತ್ ಮಟ್ಟದ ವಂದಿಮಾಗಧರು ಹೌದು ಹೌದು ಎಂದು ತೊಡೆ ತಟ್ಟಿದರು. ಪ್ರಚಂಡಭಾನುವಿನ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಅರ್ಧದಷ್ಟು ಹಸಿಮೆಣಸಿನಕಾಯಿ ಚಟ್ನಿಯ ಪಾಲು. ಅವರು ದುಂಡಪ್ಪನ ಕಡೆಗೆ ತಿರುಗಿ, ನೀನು ಈ ಊರಿನವನು, ಶಾಸ್ತ್ರಿಗಳು ಹೇಳಿದ್ದು ನಿಜವೇ ಎಂದು ಕೇಳಿದರು.

“ಹೇಳಪಾ ತಮ್ಮಾ,” ಎಂದಳು ನೀಲಗಂಗವ್ವ. “ನೋಡೂಣ ಅಂದ್ರ ಏನು, ನಿಮ್ಮ ಸಾಹೇಬರಿಗೆ ನೀನ ಹೇಳು.”

ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. ದುಂಡಪ್ಪ ಅಕ್ಕನ ಹಿಟ್ಟು ಮೆತ್ತಿದ ಕೈಗಳನ್ನು ನೋಡಿದ. ಪ್ರಭುಗಳ ಉಂಗುರಗಳನ್ನು ನೋಡಿದ.

“ಪ್ರಭೋ, ಶಾಸ್ತ್ರಿಗಳು ಹೇಳಿದ್ದು ಕಡಿಮೆಯಾಯಿತು,” ಎಂದ. “ತಮ್ಮನ್ನು ಎಷ್ಟು ನೋಡಿದರೂ ಸಾಲದು ಎಂಬ ಹಪಹಪಿಗೆ ನಮ್ಮೂರಲ್ಲಿ ನೋಡೂಣ ಎನ್ನುತ್ತಾರೆ.”

ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ನೀಲಗಂಗವ್ವ ಅದನ್ನು ತಿರುವಿ ಹಾಕಲಿಲ್ಲ.

ಪ್ರಚಂಡಭಾನುವಿನ ಹೃದಯ ಉಕ್ಕಿ ಹರಿಯಿತು. ನೋಡಲು ಹಂಬಲಿಸುವ ಜನಕ್ಕೂ ತಮಗೂ ನಡುವೆ ಗೋಡೆಗಳು ನಿಂತಿವೆಯಲ್ಲ, ಇದು ವಿರೋಧಿಗಳ ಸಂಚಲ್ಲದೆ ಮತ್ತೇನು ಎಂದು ಗುಡುಗಿದರು. ಪ್ರತಿ ಮನೆಯ ಬೆನ್ನುಗೋಡೆಯಲ್ಲೂ ನೆಲದಿಂದ ಹಿಡಿದು, ಆನೆಯ ಮೇಲೆ ಕೂತವರು ಪೂರ್ತಿ ಕಾಣುವಷ್ಟು ಎತ್ತರದ ಮಹಾದರ್ಶನ ಕಿಂಡಿ ತೆರೆಯಬೇಕೆಂದು ಅಲ್ಲೇ ಆಜ್ಞೆ ಹೊರಟಿತು. ಉಂಡ ಮನೆಗೆ ಋಣಿಯಾಗಿರಬೇಕಾದ್ದರಿಂದ ಕಾಮಗಾರಿಯ ಶುಭಾರಂಭ ಈ ತಾಯಿಯ ಗೋಡೆಯಿಂದಲೇ ಆಗಲಿ ಎಂದರು. ಗುದ್ದಲಿಗಳು ಬಿದ್ದವು. ಗೋಡೆಗೆ ಒರಗಿದ್ದ ಒಲೆ ಪುಡಿಯಾಯಿತು. ಅದರ ಬೂದಿ ಹಾರಿ ಶಾಸ್ತ್ರಿಗಳ ಹಣೆಗೆ ಕೂತಿತು, ಅವರು ಅದನ್ನು ಶಕುನವೆಂದರು. ದುಂಡಪ್ಪ ಚಪ್ಪಾಳೆ ತಟ್ಟಿದ. ತಟ್ಟುವಾಗ ಅಕ್ಕನ ಕಡೆ ನೋಡಲಿಲ್ಲ.

ವಾರ ಕಳೆಯುವುದರೊಳಗೆ ಹಿತ್ತಲಹಾಳದ ಗೋಡೆಗಳಿಗೆಲ್ಲ ಬಾಯಿ ಬಿದ್ದಿತು. ಪ್ರಚಂಡಭಾನು ಬೆಳಗ್ಗೆ ಒಮ್ಮೆ ಹೋದರು, ಸಂಜೆ ಒಮ್ಮೆ ಬಂದರು. ಸ್ನಾನ ಮಾಡುತ್ತಿದ್ದವರು, ಮಗುವಿಗೆ ಹಾಲೂಡಿಸುತ್ತಿದ್ದವರು, ಗಂಡನನ್ನು ಬೈಯುತ್ತಿದ್ದವರು ಎಲ್ಲರೂ ಕಂಡರು. ಪ್ರಭುಗಳು ಎಲ್ಲರಿಗೂ ಕೈಮುಗಿದರು. ಕೆಂಧೂಳು ಹಿಟ್ಟಿನ ಡಬ್ಬಿಗೆ, ಮೊಸರಿನ ಗಡಿಗೆಗೆ, ಮಲಗಿದವರ ಮೂಗಿಗೆ ನುಗ್ಗಿತು. ಪ್ರಭುಗಳು ಇಳಿದು ಬಂದು, ನಮ್ಮನ್ನು ನೋಡಿದಿರಾ ಎಂದು ಕೇಳಿದರು. ಜನ ಸೀನುತ್ತ ನೋಡಿದ್ವಿ ಅಂದರು. ಹಾಗಾದರೆ ಓಟು ಎಂದು ಕೇಳಿದರು. ಜನ ಮೂಗು ಒರಸಿಕೊಂಡು ನೋಡೂಣ್ರಿ ಅಂದರು. ಇನ್ನೂ ತಣಿದಿಲ್ಲವೇ ಎಂದು ಪ್ರಭುಗಳು ಆನಂದದಿಂದ ಮತ್ತೆ ಆನೆ ಹತ್ತಿದರು. ಆನೆಗೇ ಬೇಸರ ಬಂದು ಅದು ಒಂದು ಕಿಂಡಿಯೊಳಗೆ ಸೊಂಡಿಲು ಚಾಚಿ ಯಾರದೋ ಬೆಲ್ಲ ತಿಂದಿತು.

ಚುನಾವಣೆಯ ದಿನ ಬಂತು. ಪೆಟ್ಟಿಗೆಯಲ್ಲಿ ಮೋಸ ನಡೆಯುವ ಸಂಭವವಿದೆಯೆಂದು ಆ ಊರಿಗೆ ಮಾತ್ರ ಬಾಯಿಮಾತಿನ ಮತದಾನ ಗೊತ್ತುಮಾಡಿದ್ದರು. ಪ್ರಚಂಡಭಾನು ಅವರಿಗೆ ಹಾಕುತ್ತೀರಾ ಎಂದು ಅಧಿಕಾರಿ ಕೇಳುವುದು, ಜನ ನೋಡೂಣ್ರಿ ಎನ್ನುವುದು, ಪಕ್ಕದಲ್ಲಿ ಕೂತ ಶಾಸ್ತ್ರಿಗಳು ಅನುರಾಗಸೂಚಕ ಎಂದು ತಲೆದೂಗುವುದು. ಹೀಗೆ ಊರಿಗೆ ಊರೇ ಪ್ರಚಂಡಭಾನುವನ್ನು ಆರಿಸಿತು. ನೀಲಗಂಗವ್ವ ಮಾತ್ರ ಸೆರಗು ಬಿಗಿದು ನಿಂತು, “ನಾ ಒಲ್ಲೆ. ಕಿವಿ ಕೇಳತೈತಿಲ್ಲೋ? ಒಲ್ಲೆ,” ಎಂದಳು. ಈ ಪ್ರಯೋಗ ಸ್ಥಳೀಯ ರೂಢಿಯಲ್ಲಿಲ್ಲವೆಂದು ಶಾಸ್ತ್ರಿಗಳು ಆಕ್ಷೇಪಿಸಿ ಅವಳ ಮತವನ್ನು ಅಸಿಂಧುಗೊಳಿಸಿದರು.

ಪಟ್ಟಾಭಿಷೇಕ ಅದ್ದೂರಿಯಾಗಿ ನಡೆಯಿತು. ಅಧ್ಯಕ್ಷ ಮಹಾರಾಜರು ಕಿರೀಟ ಧರಿಸಿ, ಹೊಸ ಮೆತ್ತೆಯ ಮೇಲೆ ಕೂತು, ಪ್ರಥಮ ಆಜ್ಞೆ ಹೊರಡಿಸಿದರು. ಕಿಂಡಿ ಇದ್ದವರೆಲ್ಲ ದರ್ಶನ ತೆರಿಗೆ ಕಟ್ಟಬೇಕು. ಕಿಂಡಿ ಮುಚ್ಚುವುದು ರಾಜದ್ರೋಹ. ಕಿಂಡಿಯಿಂದ ಒಳಗೆ ಬಂದ ಧೂಳು ಅಧ್ಯಕ್ಷರ ಪಾದಧೂಳಿ, ಅದನ್ನು ಗುಡಿಸಲು ಪರವಾನಗಿ ಬೇಕು, ಪರವಾನಗಿಗೆ ಬೇರೆ ತೆರಿಗೆ. ಇದನ್ನೆಲ್ಲ ನೋಡಿಕೊಳ್ಳಲು ದುಂದುಭಿರಾಯರು ದರ್ಶನಮಂತ್ರಿಯಾದರು.

ಮಂತ್ರಿಯಾಗಿ ಅವನು ಪಲ್ಲಕ್ಕಿಯಲ್ಲಿ ಹಿತ್ತಲಹಾಳಕ್ಕೆ ಬಂದಿಳಿದಾಗ, ಜನ ಮೂತಿಗೆ ಬಟ್ಟೆ ಕಟ್ಟಿಕೊಂಡು ತೆರಿಗೆಯ ಸಾಲಿನಲ್ಲಿ ನಿಂತಿದ್ದರು. ನೀಲಗಂಗವ್ವ ಹಂಚು, ಹಿಟ್ಟು ನಾದುವ ಪರಾತ, ಎರಡು ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. ಮಂತ್ರಿಗಳು ಬಾಯಿ ತೆರೆದ ತಕ್ಷಣ ಜೈ ಎನ್ನಬೇಕೆಂದು ಪರಿವಾರಕ್ಕೆ ಹೊಸ ನಿಯಮ ಆಗಿತ್ತು. ಅವನು ಬಾಯಿ ತೆರೆಯದೆ ಸುಮ್ಮನೆ ನಿಂತ. ಹೊಸ ಒಲೆ ಕಟ್ಟಿಸಿಕೊಡುತ್ತೇನೆಂದು ಹೇಳಬೇಕೆಂದಿದ್ದ.

“ದುಂಡ್ಯಾ,” ಎಂದಳು ಅವಳೇ. “ನಿನಗ ಮಾತು ಕಲಿಸಿದಾಕಿ ನಾನ. ಅಕ್ಕ ಅನ್ನಾಕ ಕಲಿಸಿದ್ದೆ, ಅವ್ವ ಅನ್ನಾಕ ಕಲಿಸಿದ್ದೆ. ಇದನ್ನ ಎಲ್ಲಿ ಕಲತಿಯೋ ನನಗ ಗೊತ್ತಿಲ್ಲ. ಧೂಳ ತಿನ್ನಾಕ ಹಾಕಿ ಮಂದೀ ಕಡಿಂದ ರೊಕ್ಕ ಇಸಗೊಳ್ಳೂ ಊರಾಗ ನಾ ಖಾನಾವಳಿ ನಡಸೂದಿಲ್ಲ.”

ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ಕಿಂಡಿ ದಾಟಿ ಅವಳು ದಾರಿಗಿಳಿದಳು. ದುಂಡಪ್ಪ ಹಿಂದೆ ಓಡಿದ. ಅಕ್ಕಾ ಎಂದು ಕೂಗಲು ಬಾಯಿ ತೆರೆದ. ಪರಿವಾರ ಜೈ ಎಂದಿತು. ನಿಲ್ಲು ಎಂದು ಕೂಗಿದ. ಪರಿವಾರ ಇನ್ನೂ ಜೋರಾಗಿ ಜೈ ಎಂದಿತು. ಬಾಯಿ ಮುಚ್ಚಿರಿ ಎಂದು ಅವರನ್ನೇ ಗದರಿದ. ಮಂತ್ರಿಗಳು ಇಷ್ಟೊಂದು ಮಾತಾಡಿದ್ದು ಹೊಸತಾದ್ದರಿಂದ ಕಹಳೆಯನ್ನೂ ಊದಿದರು. ತೆರಿಗೆಯ ಸಾಲಿನವರೂ ಹೆದರಿ ಜೈ ಎಂದರು. ನೀಲಗಂಗವ್ವ ಒಮ್ಮೆಯೂ ತಿರುಗಿ ನೋಡಲಿಲ್ಲ. ಮುಂದೆ ಯಾವತ್ತೂ ಆ ಊರಿಗೆ ಬರಲೂ ಇಲ್ಲ.